ಆವಕ – ಜಾವಕ

ಕೋಡಿಬಾಗದ ಸೇತುವೆಗೆ ಮುಂಚೆ ಎಡಕ್ಕೆ
ಹಂಚಿನ ಮಾಡಿನ ಆ ಕಚೇರಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ನಾನು ಬರೆದದ್ದು ಎರಡೇ ಪುಸ್ತಕ:
ಬಂದದ್ದಕ್ಕೆ ಒಂದು, ಹೋದದ್ದಕ್ಕೆ ಒಂದು.
ನಡುವೆ ಏನಾಯಿತೆಂದು ಬರೆಯಲು
ಮೂರನೆಯದನ್ನು ಸರಕಾರ ಕೊಟ್ಟಿರಲಿಲ್ಲ.

ಮೊದಲು ಬಂದದ್ದು ಫ್ಯಾನು.
ಏಪ್ರಿಲ್. ಕಾಳಿ ಹೊಳೆಯ ಗಾಳಿಯೂ ಬೆವರುವ ಹೊತ್ತು.
"ಇದನ್ನು ಬರೆಯಬೇಡಿ ಬಾಯಿ, ಇದು ಪತ್ರವಲ್ಲ."
ನಿಜ, ಫ್ಯಾನು ಪತ್ರವಲ್ಲ.
ಆಮೇಲೆ ಕುರ್ಚಿ ನಾಲ್ಕು, ನೀರಿನ ಫಿಲ್ಟರು,
ಕರೆಂಟು ಹೋದರೆ ಗುಡುಗುವ ಜನರೇಟರು,
ಗೋಡೆಗೊಂದು ಕ್ಯಾಲೆಂಡರು –
ಮರಳು ಕಂಪನಿಯ ಹೆಸರಿನ ಕೆಳಗೆ
ನಮ್ಮ ರಜೆಗಳು ಕೆಂಪಗೆ ಅಚ್ಚಾಗಿದ್ದವು.
ಯಾವುದೂ ಪತ್ರವಲ್ಲ.

ಚೌತಿಗೆ ನನಗೂ ಒಂದು ಸ್ಟೀಲಿನ ಡಬ್ಬಿ.
ಸುಳ್ಳು ಯಾಕೆ, ತಗೊಂಡೆ.
ಇವತ್ತಿಗೂ ಒಣಸಿಗಡಿ ಅದರಲ್ಲೇ ಇಡುತ್ತೇನೆ.
ಮುಚ್ಚಳ ಬಿಗಿ; ವಾಸನೆ ಹೊರಗೆ ಬರುವುದಿಲ್ಲ.

ನದಾಫ ಸಾಹೇಬರು ಬಂದ ದಿನ ಮೇಲೆ ನೋಡಿ
"ದಾಸ್ತಾನು ಪುಸ್ತಕದಲ್ಲಿ ಇದು ಎಲ್ಲಿದೆ?" ಅಂದರು.
ಇರಲಿಲ್ಲ.
ತಾವೇ ಎದ್ದು ಸ್ವಿಚ್ಚು ಆರಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೂತರು.
ಬಿದಿರಿನ ಗಳಕ್ಕೆ ಅಡಿಗೊಂದು ಕೆಂಪು ಗೆರೆ ಬಳಿಸಿ
ಇಳಿತದ ಹೊತ್ತಿಗೆ ದೋಣಿ ಹತ್ತಿದರು.
ಕಾಗದದಲ್ಲಿ ಆರಡಿ ಇದ್ದಲ್ಲಿ
ಹದಿನೇಳರ ಗೆರೆಯೂ ಮುಳುಗಿತಂತೆ, ಇನ್ನೂ ತಳ ಸಿಕ್ಕಿರಲಿಲ್ಲವಂತೆ.
ಜವಾನ ಶಾಬಾ ಹೇಳಿದ್ದು. ಹುಟ್ಟು ಹಾಕಿದವನು ಅವನೇ.

ಮರುದಿನ ಅಲ್ಲ, ಅದರ ಮರುದಿನ
ಕಂಪನಿಯ ಡ್ರೈವರು ಒಂದು ಸುರುಳಿ ನೈಲಾನು ಹಗ್ಗ ತಂದು
ಮೆಟ್ಟಿಲ ಮೇಲಿಟ್ಟ: "ಸಾಹೇಬರ ಸಾಮಾನು ಕಟ್ಟಲಿಕ್ಕೆ."
ಎಲ್ಲಿಗೆ, ಯಾಕೆ? ನಾವು ನಕ್ಕೆವು.
ವರ್ಗಾವಣೆಯ ಆದೇಶ ಬಂದದ್ದು ನಾಲ್ಕು ದಿನ ಕಳೆದು,
ಆವಕ ಸಂಖ್ಯೆ ಸಾವಿರದ ನೂರಾ ನಲವತ್ತೇಳು.
ನಾನೇ ಶಿಕ್ಕಾ ಹೊಡೆದೆ. ಶಾಯಿ ಸ್ವಲ್ಪ ಹರಡಿತು.

ಆಮೇಲೆ ಕಷ್ಟವಿರಲಿಲ್ಲ.
ನೋಟೀಸು ಅವರಲ್ಲೇ ಟೈಪಾಗಿ ಬರುತ್ತಿತ್ತು,
ಮೇಲೆ ನಮ್ಮ ಲಾಂಛನ, ಕೆಳಗೆ ನಮ್ಮ ಸಹಿಗೆ ಚುಕ್ಕೆಸಾಲು.
ಅದನ್ನು ನಾವು ಅವರಿಗೇ ಕಳಿಸುವುದು.
ಒಮ್ಮೆ ಉತ್ತರವೇ ಮೊದಲು ಬಂತು:
ತಮ್ಮ ಪತ್ರ ತಲುಪಿದೆ – ಪತ್ರ ಇನ್ನೂ ಹೊರಟಿರಲಿಲ್ಲ.
"ಎರಡು ಸಾಲು ಖಾಲಿ ಬಿಡಿ ಬಾಯಿ, ಹಿಂದಿನ ತಾರೀಖಿಗೆ."
ಬಿಟ್ಟೆ.
ರಂಪಣಿ ಬಲೆಯ ಎರಡು ತುದಿಯೂ ದಂಡೆಯಲ್ಲೇ ಇರುತ್ತವೆ,
ಎಳೆಯುವವರೂ ಎರಡೂ ಕಡೆ.
ಮೀನಿಗೆ ಮಾತ್ರ ಅದು ಸಮುದ್ರ.

ಬೆಂಗಳೂರಿನಿಂದ ಹೊಸ ನಿಯಮ ಬಂದಾಗ
ಮೂರನೇ ಕಲಮಿನಲ್ಲಿ 'ತಕ್ಷಣ' 'ತಷ್ಕಣ' ಆಗಿತ್ತು.
ಆ ತಪ್ಪಿನ ಪರಿಚಯ ನನಗಿತ್ತು.
ಕಂಪನಿಯ ಟೈಪಿಸ್ಟು ಹುಡುಗ ಯಾವಾಗಲೂ ಹಾಗೆಯೇ ಹೊಡೆಯುವುದು.
ಆ ಮಧ್ಯಾಹ್ನ ಊಟ ಸೇರಲಿಲ್ಲ.

ರುಕ್ಮಾ ಅಂಬಿಗ ಬಂದದ್ದು ನನ್ನ ನಿವೃತ್ತಿಯ ವಾರ.
ಸೊಂಟದವರೆಗೆ ಒದ್ದೆ ಸೀರೆ, ಕೈಯಲ್ಲಿ ಮಡಚಿದ ಅರ್ಜಿ,
ಮಡಿಕೆಯೊಳಗೆ ಒಂದು ತಿಸ್ರೆಯ ಚಿಪ್ಪು.
"ಮೊದಲು ಮೊಣಕಾಲು ನೀರಲ್ಲಿ ಹೆಕ್ಕತಿದ್ವಿ.
ಈಗ ಎಲ್ಲಿ ನೆಲ, ಎಲ್ಲಿ ಹೊಂಡ, ಕಾಲಿಗೆ ತಿಳಿಯೂದಿಲ್ಲ.
ನಾದಿನಿ ನಿಂತಲ್ಲೇ ಇಳಿದು ಹೋದ್ಳು ಬಾಯಿ,
ಬುಟ್ಟಿ ತೇಲ್ತಾ ಇತ್ತು."

ಹಳೆಯ ಪುಸ್ತಕ ಇಳಿಸಿ ಧೂಳು ಕೊಡವಿದೆ.
ಅವತ್ತು ಬಿಟ್ಟ ಎರಡು ಸಾಲುಗಳಲ್ಲಿ
ಒಂದು ಇನ್ನೂ ಖಾಲಿ ಇತ್ತು.
ಅಲ್ಲೇ ಬರೆದೆ: ಅರ್ಜಿ ಒಂದು. ಲಗತ್ತು, ಚಿಪ್ಪು ಒಂದು.
"ನಂಬರು ಬಿತ್ತಲ್ಲ?"
"ಬಿತ್ತು."
ಅಷ್ಟಕ್ಕೇ ಕೈಮುಗಿದಳು,
ನಾನು ಬೇರೆ ಕಡೆ ನೋಡಿದೆ.

ಶಾಬಾ ಎ.ಸಿ.ಯ ಹಿಂದಿನ ಜೇಡರ ಬಲೆ ತೆಗೆಯುತ್ತಿದ್ದ,
ನದಾಫ ಸಾಹೇಬರ ಗಳದಿಂದ.
ಎಂಟನೇ ಗೆರೆಗೆ ಯಾರೋ ಕಡಿದಿದ್ದರು.
ಗೋಡೆಗೆ ಅಷ್ಟು ಸಾಕು.